ಹಿರೇಗುಡ್ಡದ ಬಟ್ಟಲುಗುಳಿ ಬಂಡೆಗಳನ್ನು ಗುಡ್ಡಸಮೇತ ಉಳಿಸಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ ಜಿಲ್ಲೆ, ಹಾಗೂ
ಮಾನ್ಯ ಆಯುಕ್ತರು, ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕರ್ನಾಟಕ ಸರ್ಕಾರ.

ವಿಷಯ: ಸಂಗನಕಲ್ಲು–ಕಪ್ಪಗಲ್ಲು ಪ್ರದೇಶದ ಹಿರೇಗುಡ್ಡದಲ್ಲಿರುವ ಕುಟ್ಟುಚಿತ್ರಗಳು, ಬಟ್ಟಲುಗುಳಿಗಳು ಮತ್ತು ನಾದ ಹೊಮ್ಮಿಸುವ ಬಂಡೆಗಳ ಸಂರಕ್ಷಣೆ ಕುರಿತು.

ಮಾನ್ಯರೇ,

ಬಳ್ಳಾರಿ ನಗರದಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಹಿರೇಗುಡ್ಡದ ಕಡೆಗೆ ತಮ್ಮಿಬ್ಬರ ಗಮನವನ್ನೂ ಒಟ್ಟಿಗೇ ಸೆಳೆಯಬೇಕೆಂಬ ಉದ್ದೇಶದಿಂದ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಒಟ್ಟಿಗೇ ಎನ್ನಲು ಕಾರಣವಿದೆ. ಗುಡ್ಡದ ಮೇಲಿನ ಚಿತ್ರ ಒಬ್ಬರ ವಿಷಯ, ಚಿತ್ರವಿರುವ ಕಲ್ಲು ಇನ್ನೊಬ್ಬರ ವಿಷಯ, ಕಲ್ಲು ನಿಂತ ನೆಲ ಮತ್ತೊಬ್ಬರ ಕಡತ ಎಂಬಂತೆ ನಡೆದುಕೊಂಡು ಬಂದಿರುವುದರಿಂದ, ಇದಕ್ಕೆ ಹೊಣೆ ಯಾರೆಂಬ ಪ್ರಶ್ನೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತದೆಯೇ ಹೊರತು ಎಲ್ಲಿಯೂ ಬಗೆಹರಿಯುವುದಿಲ್ಲ. ನಾನು ಇದೇ ತಾಲ್ಲೂಕಿನಲ್ಲಿ ಸಮಾಜ ವಿಜ್ಞಾನ ಬೋಧಿಸುವ ಶಿಕ್ಷಕ. ಪುರಾತತ್ವ ನನ್ನ ವೃತ್ತಿಯಲ್ಲ. ಆದರೂ ನವಶಿಲಾಯುಗದ ಪಾಠ ಮಾಡುವಾಗ ಪುಸ್ತಕ ಮುಚ್ಚಿ, ಕಿಟಕಿಯಾಚೆ ಕಾಣುವ ಗುಡ್ಡದತ್ತ ಕೈ ತೋರಿಸುವ ಅನುಕೂಲ ಇರುವ ಊರುಗಳು ಈ ರಾಜ್ಯದಲ್ಲಿ ಹೆಚ್ಚಿಲ್ಲ. ಆ ಅನುಕೂಲ ನಮ್ಮ ಕಣ್ಣೆದುರೇ ಕರಗುತ್ತಿದೆ ಎಂಬುದು ಈ ಪತ್ರದ ದೂರು. ಚಿತ್ರಗಳನ್ನು ಬಿಡಿಬಿಡಿಯಾಗಿ ಉಳಿಸಲು ಸಾಧ್ಯವಿಲ್ಲ, ಗುಡ್ಡವನ್ನು ಗುಡ್ಡವಾಗಿಯೇ ಉಳಿಸಬೇಕು ಎಂಬುದು ಇದರ ಬಿನ್ನಹ.

ಹಿರೇಗುಡ್ಡ ಮೂಲತಃ ಗ್ರಾನೈಟ್ ಬಂಡೆಗಳ ಗುಡ್ಡ. ಅದರ ಮೈಯನ್ನು ಸೀಳಿಕೊಂಡು, ಭೂವಿಜ್ಞಾನಿಗಳು ಡೋಲರೈಟ್ ಎಂದು ಕರೆಯುವ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಭೂಗರ್ಭದ ಶಿಲಾರಸ ಗ್ರಾನೈಟಿನ ಬಿರುಕಿನೊಳಗೆ ನುಗ್ಗಿ ತಣಿದು ಗಟ್ಟಿಯಾದಾಗ ಇಂಥ ಪಟ್ಟಿ ಉಂಟಾಗುತ್ತದೆ. ಇದಕ್ಕೆ ಡೈಕ್ ಎನ್ನುತ್ತಾರೆ. ಕಾಲಾಂತರದಲ್ಲಿ ಅದು ಒಡೆದು ಒಂದರ ಮೇಲೊಂದು ಒರಗಿದ ಕಪ್ಪು ಗುಂಡುಗಳ ರಾಶಿಯಾಗಿದೆ. ಈ ಗುಂಡುಗಳ ಮೇಲೆಯೇ ಕುಟ್ಟುಚಿತ್ರಗಳಿವೆ: ಬಹುತೇಕ ನೀಳ ಕೊಂಬಿನ, ಡುಬ್ಬವಿರುವ ಎತ್ತು-ದನಗಳು, ನಡುನಡುವೆ ಮನುಷ್ಯಾಕೃತಿಗಳು, ಅಲ್ಲಲ್ಲಿ ಕುಟ್ಟಿ ಕುಟ್ಟಿ ಆಳವಾದ ಬಟ್ಟಲಿನಂಥ ಗುಳಿಗಳು. ಡೋಲರೈಟಿನ ಹೊರಮೈ ಬಿಸಿಲು, ಮಳೆಗೆ ಕಪ್ಪು-ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇನ್ನೊಂದು ಕಲ್ಲಿನಿಂದ ಕುಟ್ಟಿದಲ್ಲಿ ಒಳಗಿನ ತಿಳಿಬಣ್ಣ ಕಾಣಿಸಿಕೊಂಡು ಗೆರೆ ಎದ್ದು ತೋರುತ್ತದೆ. ವರ್ಷಗಳು ಉರುಳಿದಂತೆ ಆ ಗೆರೆಯೂ ಕಪ್ಪಾಗುತ್ತಾ ಬಂಡೆಯ ಬಣ್ಣದೊಳಗೆ ಸೇರಿಹೋಗುತ್ತದೆ. ಆದ್ದರಿಂದ ಒಂದೇ ಬಂಡೆಯಲ್ಲಿ ಬಂಡೆಯಷ್ಟೇ ಕಪ್ಪಾದ ಎತ್ತು, ಅದರ ಬೆನ್ನ ಮೇಲೆಯೇ ಕುಟ್ಟಿದ ತುಸು ಮಾಸಲು ಎತ್ತು, ಪಕ್ಕದಲ್ಲಿ ಇನ್ನೂ ತಿಳಿಬಣ್ಣದ ಗೆರೆ ಎಂಬಂತೆ ಬೇರೆ ಬೇರೆ ಕಾಲದ ಕೈಗಳನ್ನು ಬಣ್ಣದಿಂದಲೇ ಗುರುತಿಸಬಹುದು. ಇವೆಲ್ಲ ಒಂದೇ ಕಾಲದವಲ್ಲ. ಕೆಲವನ್ನು ನವಶಿಲಾಯುಗಕ್ಕೆ, ಅಂದರೆ ದಕ್ಷಿಣ ಭಾರತದ ಮಟ್ಟಿಗೆ ಸುಮಾರು ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರ ನಡುವಿನ ಕಾಲಕ್ಕೆ ಸೇರಿಸಿದರೆ, ಉಳಿದವು ಅನಂತರ ಬಂದವರ ಕೈಕೆಲಸ. ಕೆಲವು ಚಿತ್ರಗಳಂತೂ ನಿಂತು ಕೆತ್ತಲು ಕಾಲಿಡುವಷ್ಟೂ ಜಾಗವಿಲ್ಲದ ಕಡೆ ಇವೆ. ಕೆತ್ತುವವರನ್ನು ಮೇಲಿನಿಂದ ಇಳಿಬಿಟ್ಟಿರಬೇಕು ಎಂದು ವಿದ್ವಾಂಸರು ಊಹಿಸಿರುವುದು ಅಂಥವುಗಳನ್ನು ನೋಡಿಯೇ.

ಬಟ್ಟಲುಗುಳಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಿತ್ರಗಳನ್ನು ನೋಡಲು ಬಂದವರು ಇವುಗಳನ್ನು ಮಳೆ ಕೊರೆದ ಗುಣಿಗಳೆಂದು ತಿಳಿದು ಮುಂದೆ ಹೋಗುತ್ತಾರೆ. ಹೆಬ್ಬೆರಳು ಕೂರುವಷ್ಟು ಆಳದಿಂದ ಅಂಗೈ ಕೂರುವಷ್ಟು ಅಗಲದವರೆಗೆ ಇರುವ ಇವುಗಳ ಒಳಮೈಯನ್ನು ಬೆರಳಿನಿಂದ ಸವರಿದರೆ, ಬಂಡೆಯ ಉಳಿದ ಮೈಯ ತರಿತರಿ ಇಲ್ಲಿಲ್ಲ, ನುಣುಪು ಇದೆ ಎಂಬುದು ತಿಳಿಯುತ್ತದೆ. ಇವು ಅಲಂಕಾರಕ್ಕಾಗಿ ಕೊರೆದವು ಎನ್ನುವುದಕ್ಕಿಂತ, ಬಾರಿಸಿ ಬಾರಿಸಿ ಬಿದ್ದವು ಎನ್ನುವುದು ಹೆಚ್ಚು ಸರಿ. ಗ್ರಾನೈಟಿನ ಸಣ್ಣ ಕಲ್ಲಿನಿಂದ ಈ ಜಾಗಗಳಲ್ಲಿ ಬಡಿದಾಗ ಕೆಲವು ಬಂಡೆಗಳು ಜಾಗಟೆಯ ಹಾಗೆ ದೀರ್ಘವಾಗಿ ನಾದ ಹೊರಡಿಸುತ್ತವೆ. ಕೇಂಬ್ರಿಜ್‌ನ ಪುರಾತತ್ವಜ್ಞೆ ನಿಕೋಲ್ ಬೊಯ್ವಿನ್ 2004ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಚಿತ್ರ ಮತ್ತು ನಾದ ಎರಡನ್ನೂ ಒಟ್ಟಿಗಿಟ್ಟು ಇಲ್ಲಿನ ಬಂಡೆಗಳನ್ನು ವಿವರಿಸಿದ ಮೇಲೆ ಜಗತ್ತಿನ ಪತ್ರಿಕೆಗಳು ಈ ಗುಡ್ಡದ ಹೆಸರೆತ್ತಿದವು. ನಮ್ಮವರ ಪೈಕಿ ಕುರಿಗಾಹಿಗಳಿಗೆ ಇದು ಹೊಸ ಸುದ್ದಿಯೇನೂ ಆಗಿರಲಿಲ್ಲ. ಯಾವ ಗುಂಡು ದನಿ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಅವರು ನಮಗಿಂತ ಚೆನ್ನಾಗಿ ಬಲ್ಲರು.

ಇಷ್ಟೇ ಆಗಿದ್ದರೆ ಬಂಡೆಗಳ ಸುತ್ತ ಒಂದು ಬೇಲಿ ಹಾಕಿ ಎಂದು ಕೇಳಿ ಪತ್ರ ಮುಗಿಸಬಹುದಿತ್ತು. ಆದರೆ ಚಿತ್ರಗಳನ್ನು ಕುಟ್ಟಿದವರು ಬೇರೆಲ್ಲಿಂದಲೋ ಬಂದು ಹೋದವರಲ್ಲ, ಈ ಗುಡ್ಡಗಳ ಮೇಲೆಯೇ ಬಾಳಿದವರು. ಹಿರೇಗುಡ್ಡದ ಮೇಲೆ ಅವರ ವಸತಿಯ ಕುರುಹುಗಳಿವೆ. ಅದೇ ಡೈಕಿನ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಉಜ್ಜಿ ಕಲ್ಲುಕೊಡಲಿಗಳನ್ನು ತಯಾರಿಸಿದ ದೊಡ್ಡ ಕಾರ್ಯಾಗಾರವಿತ್ತು. ಕೊಡಲಿಯ ಬಾಯಿ ಮಸೆದ ಉದ್ದನೆಯ ಜಾಡುಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಅರ್ಧಕ್ಕೆ ಬಿಟ್ಟ ಕೊಡಲಿಗಳೂ ಕಲ್ಲಿನ ಚಕ್ಕೆಗಳೂ ನೆಲದಲ್ಲಿ ಹರಡಿವೆ. ಪಕ್ಕದ ಸಣ್ಣರಾಚಮ್ಮ ಗುಡ್ಡದ ಉತ್ಖನನಗಳಲ್ಲಿ ದೊರೆತ ಸುಟ್ಟ ಕಾಳುಗಳು ಹೆಸರು, ಹುರುಳಿ ಮತ್ತು ಕೊರಲೆಯವು ಎಂದು ಗುರುತಿಸಲಾಗಿದೆ. ಹೆಸರು, ಹುರುಳಿಗಳನ್ನು ಭಾರತದ ನೆಲದಲ್ಲೇ ಮೊದಲು ಬೆಳೆಗೆ ತಂದದ್ದು ಎಂಬ ವಾದಕ್ಕೆ ಬಳ್ಳಾರಿ ಸೀಮೆಯ ಈ ಕಾಳುಗಳು ಮುಖ್ಯ ಆಧಾರಗಳಲ್ಲಿ ಸೇರಿವೆ. ಸಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಉಂಟಾದ ಬೂದಿದಿಬ್ಬವೂ ಇದೇ ಸುತ್ತಿನಲ್ಲಿದೆ. ಬಂಡೆಯ ಮೇಲಿನ ಎತ್ತು, ಬೂದಿದಿಬ್ಬದ ಸಗಣಿ, ಕೊಡಲಿಯ ಕರಿಕಲ್ಲು, ಬಾರಿಸಿದ ಗುಳಿ ಇವು ನಾಲ್ಕು ಸ್ಮಾರಕಗಳಲ್ಲ. ದನಗಾಹಿ ಜನರ ಒಂದೇ ಬದುಕಿನ ನಾಲ್ಕು ಮಗ್ಗುಲು. ಒಂದನ್ನು ಕಿತ್ತರೆ ಉಳಿದ ಮೂರೂ ಅರ್ಥ ಕಳೆದುಕೊಳ್ಳುತ್ತವೆ.

ಈ ಗುಡ್ಡದ ಮಹತ್ವ ಈಗಷ್ಟೇ ತಿಳಿದದ್ದು ಎಂದು ಹೇಳಿ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ 1863ರಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಬಳ್ಳಾರಿಯ ಗುಡ್ಡಗಳನ್ನು ಸುತ್ತಿ ಇಲ್ಲಿನ ಕೊಡಲಿಗಳನ್ನು ಸಂಗ್ರಹಿಸಿದರು. ಅವರ ಸಂಗ್ರಹ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಬಳ್ಳಾರಿ 1953ರವರೆಗೂ ಮದ್ರಾಸಿನ ಆಡಳಿತದಲ್ಲೇ ಇತ್ತಲ್ಲವೇ. ಕುಟ್ಟುಚಿತ್ರಗಳ ಬಗ್ಗೆ ಮದ್ರಾಸ್ ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1892ರಲ್ಲೇ ಲೇಖನ ಪ್ರಕಟಿಸಿದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. 1951ರಲ್ಲಿ ಡಿ. ಎಚ್. ಗಾರ್ಡನ್ ಚಿತ್ರಗಳ ಬಗ್ಗೆ ಮತ್ತೆ ಬರೆದರು. 1964–65ರಲ್ಲಿ ಜೆಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಮತ್ತೊಮ್ಮೆ ಅಗೆದು ನೋಡಿದರು. ಅನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರು ಡೋರಿಯನ್ ಫುಲ್ಲರ್, ಬೊಯ್ವಿನ್ ಮೊದಲಾದವರ ಜೊತೆಗೂಡಿ ದೀರ್ಘಕಾಲ ಇಲ್ಲಿ ಕೆಲಸ ಮಾಡಿದರು. ಬಳ್ಳಾರಿಯಲ್ಲಿ ಫೂಟ್ ಮತ್ತು ಸಂಗನಕಲ್ಲಿನ ಹೆಸರು ಹೊತ್ತ ವಸ್ತುಸಂಗ್ರಹಾಲಯವೂ ಬಂದಿದೆ. ಅದಕ್ಕೆ ಕಾರಣರಾದ ವಿದ್ವಾಂಸರಿಗೂ ಆಡಳಿತಕ್ಕೂ ನಾವು ಕೃತಜ್ಞರು. ಹೀಗೆ 130 ವರ್ಷಗಳಿಗೂ ಮೀರಿ ಬರೆಯಲ್ಪಟ್ಟ ಸ್ಥಳ ಇದು. ಕಲ್ಲುಗಣಿಗಾರಿಕೆಯಿಂದ ಇದಕ್ಕೆ ಅಪಾಯವಿದೆ ಎಂಬ ಎಚ್ಚರಿಕೆಯೂ 2004ರ ಹೊತ್ತಿಗೇ ಅಚ್ಚಾಗಿದೆ.

ಇನ್ನು ನಾನು ಕಣ್ಣಾರೆ ಕಂಡದ್ದು. ಗುಡ್ಡದ ಬುಡದಲ್ಲಿ ಸೀಳಿದ ಬಂಡೆಗಳಿವೆ. ಅವುಗಳ ಅಂಚಿನಲ್ಲಿ ಒಂದೇ ಅಂತರದಲ್ಲಿ, ಒಂದೇ ಅಳತೆಯಲ್ಲಿ ಇಳಿದ ಡ್ರಿಲ್ ಕುಳಿಗಳ ಅರ್ಧಭಾಗ ಕಾಣುತ್ತದೆ. ಮೇಲೆ ಚಿತ್ರಗಳಿರುವಲ್ಲಿ ಎಣ್ಣೆಬಣ್ಣದಲ್ಲಿ ಬರೆದ ಹೆಸರುಗಳಿವೆ, ಹೃದಯದ ಚಿತ್ರದೊಳಗೆ ಇಬ್ಬರ ಹೆಸರಿನ ಮೊದಲಕ್ಷರಗಳಿವೆ, ಒಂದು ಎತ್ತಿನ ಕೊಂಬಿಗೆ ತಾಗಿದಂತೆ ಮೊಳೆಯಿಂದ ಗೀಚಿದ ಇಸವಿಯಿದೆ. ಆ ಗೀಚಿನ ಬಣ್ಣ ಎಷ್ಟು ಬಿಳಿಚಿಕೊಂಡಿದೆಯೆಂದರೆ ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಅದೇ, ಪಕ್ಕದ ಎತ್ತು ಅಲ್ಲ. ಇವರು ಹಾಳುಮಾಡಲೆಂದೇ ಬಂದವರು; ಅವರಿಗೆ ಕಾನೂನಿನ ಭಯ ಸಾಕು. ನನ್ನನ್ನು ಹೆಚ್ಚು ಕಾಡುವುದು ಪ್ರೀತಿಯಿಂದ ಬಂದು ಹಾಳುಮಾಡುವವರು. ಫೋಟೊದಲ್ಲಿ ಚೆನ್ನಾಗಿ ಕಾಣಲೆಂದು ಚಿತ್ರಗಳ ಗೆರೆಯ ಮೇಲೆ ಸೀಮೆಸುಣ್ಣ ಹಚ್ಚುವವರಿದ್ದಾರೆ. ಹಚ್ಚುವಾಗ ತಮಗೆ ಕಂಡಂತೆ ಗೆರೆ ಎಳೆಯುವುದರಿಂದ ಇಲ್ಲದ ಕಾಲು, ಇಲ್ಲದ ಬಾಲ ಹುಟ್ಟುತ್ತವೆ, ಉಜ್ಜಿ ಅಳಿಸುವಾಗ ಕಲ್ಲಿನ ಮೈಯೂ ಸವೆಯುತ್ತದೆ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಸುಣ್ಣವಿಲ್ಲದೆಯೇ ಎಲ್ಲವೂ ಕಾಣುತ್ತದೆ ಎಂಬ ಸರಳ ಮಾತನ್ನು ಅವರಿಗೆ ಹೇಳುವವರು ಅಲ್ಲಿಲ್ಲ. ಇನ್ನು ‘ಸಂಗೀತದ ಕಲ್ಲು’ ಎಂಬ ಸುದ್ದಿ ಕೇಳಿ ಬರುವವರದು ಬೇರೆಯೇ ಕಥೆ. ಕೈಗೆ ಸಿಕ್ಕ ಕಲ್ಲೆತ್ತಿ ಬಂಡೆಗೆ ಬಡಿಯುವುದು, ದನಿ ಬರದಿದ್ದರೆ ಇನ್ನೂ ಜೋರಾಗಿ ಬಡಿಯುವುದು, ಮೊಬೈಲಿನಲ್ಲಿ ಚಿತ್ರೀಕರಿಸುವುದು. ಒಂದು ಗುಳಿಯ ಅಂಚಿನಿಂದ ಉಗುರಿನಷ್ಟು ಚಕ್ಕೆ ಸಿಡಿದು ಹೋದದ್ದನ್ನು, ಸಿಡಿದ ಜಾಗ ತಾಜಾ ತಿಳಿಬಣ್ಣದಲ್ಲಿ ಹೊಳೆಯುತ್ತಿದ್ದುದನ್ನು ನಾನು ನೋಡಿದ್ದೇನೆ. ಆ ಹುಡುಗರನ್ನು ತಡೆದಾಗ ಅವರು ಜಗಳಕ್ಕೆ ಬರಲಿಲ್ಲ, “ಹೊಡೆಯಬಾರದು ಅಂತ ಎಲ್ಲಿ ಬರ್ದೈತಿ ಸಾರ್?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹತ್ತಿದ ದಾರಿಯಲ್ಲಿ ಅಂಥ ಬರಹವೊಂದೂ ಇರಲಿಲ್ಲ.

ಇದೇ ವಿಚಾರವಾಗಿ ಕೆಲವು ಊರಿನವರೊಂದಿಗೆ ಒಂದು ಕಚೇರಿಗೆ ಮನವಿ ಒಯ್ದಿದ್ದೆ. ಯಾವ ಕಚೇರಿ ಎಂಬುದು ಇಲ್ಲಿ ಮುಖ್ಯವಲ್ಲ, ಎಲ್ಲಿ ಹೋದರೂ ಉತ್ತರ ಹೆಚ್ಚು ಬೇರೆಯಾಗುತ್ತಿರಲಿಲ್ಲವೇನೋ. ಅಲ್ಲಿದ್ದವರು ಸೌಜನ್ಯದಿಂದಲೇ ಮಾತನಾಡಿಸಿ, ಗುಡ್ಡದ ಮೇಲೆ ಗುಡಿ ಇದೆಯೇ, ಶಾಸನ ಇದೆಯೇ, ಕೋಟೆ ಇದೆಯೇ ಎಂದು ವಿಚಾರಿಸಿದರು. ಇವು ಯಾವುವೂ ಅಲ್ಲ, ಕಲ್ಲಿನ ಮೇಲೆ ಕುಟ್ಟಿದ ಎತ್ತುಗಳು ಮತ್ತು ಗುಳಿಗಳು ಎಂದಾಗ, ಹಾಗಾದರೆ ಸ್ಮಾರಕ ಎಂದರೆ ಯಾವುದನ್ನು ತೋರಿಸುವುದು ಎಂಬ ಗೊಂದಲ ಅವರ ಮುಖದಲ್ಲಿ ಕಂಡಿತು. ಅವರನ್ನು ದೂರಲಾರೆ. ಹಂಪಿ ಇರುವ ಸೀಮೆಯಲ್ಲಿ ಸ್ಮಾರಕ ಎಂದರೆ ಗೋಪುರ, ಮಂಟಪ ಎಂಬ ರೂಢಿ ಬೇರೂರಿದೆ. ಆದರೆ ಕಾನೂನಿಗೆ ಆ ಗೊಂದಲವಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ವ್ಯಾಖ್ಯಾನದಲ್ಲಿ ಕಟ್ಟಡಗಳ ಜೊತೆಗೇ ಗುಹೆ, ಬಂಡೆಗೆತ್ತನೆ, ಶಾಸನ, ಏಕಶಿಲೆ ಎಲ್ಲವೂ ಸೇರಿವೆ. ಪ್ರಾಚೀನ ಅವಶೇಷಗಳಿರುವ ನೆಲಕ್ಕೂ, ಅದಕ್ಕೆ ಬೇಲಿ ಹಾಕಲು ಬೇಕಾದ ಪಕ್ಕದ ಜಾಗಕ್ಕೂ ಅದೇ ಕಾಯ್ದೆಯಲ್ಲಿ ಸ್ಥಾನವಿದೆ. ರಾಜ್ಯಕ್ಕೂ 1961ರ ಪ್ರತ್ಯೇಕ ಕಾಯ್ದೆಯಿದೆ. ಕೊರತೆ ಇರುವುದು ಕಾಯ್ದೆಯಲ್ಲಲ್ಲ, ಗುಡ್ಡದ ಮೇಲೆ ಗೆರೆ ಎಳೆಯುವುದರಲ್ಲಿ.

ಆ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 2010ರ ತಿದ್ದುಪಡಿಯ ಪ್ರಕಾರ ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಇರುತ್ತದೆ. ಈ ಅಳತೆ ಶುರುವಾಗುವುದು ಸಂರಕ್ಷಿತ ಪ್ರದೇಶದ ಗಡಿಯಿಂದ. ಚಿತ್ರವಿರುವ ನಾಲ್ಕಾರು ಬಂಡೆಗಳನ್ನಷ್ಟೇ ಸ್ಮಾರಕವೆಂದು ಗುರುತಿಸಿದರೆ ಗುಡ್ಡದ ಇನ್ನೊಂದು ಮಗ್ಗುಲು ಹೊರಗುಳಿಯುತ್ತದೆ, ಕೊಡಲಿ ಕಾರ್ಯಾಗಾರ ಹೊರಗುಳಿಯುತ್ತದೆ, ಕಾಗದದ ಮೇಲೆ ಎಲ್ಲವೂ ಕ್ರಮಬದ್ಧವಾಗಿದ್ದುಕೊಂಡೇ ಗುಡ್ಡ ಕರಗಬಹುದು. ಆದ್ದರಿಂದ ರಾಜ್ಯದ ಕಾಯ್ದೆಯಡಿಯಾಗಲಿ, ಕೇಂದ್ರದ ಕಾಯ್ದೆಯಡಿಯಾಗಲಿ, ಸಂರಕ್ಷಣೆಯ ಗಡಿ ಗುಡ್ಡದ ಬುಡದಲ್ಲಿ ಇರಬೇಕೇ ವಿನಾ ಬಂಡೆಯ ಬುಡದಲ್ಲಲ್ಲ.

ಮುಖ್ಯವಾದ ಬಂಡೆಗಳನ್ನು ಕ್ರೇನ್ ತಂದು ಎತ್ತಿ, ವಸ್ತುಸಂಗ್ರಹಾಲಯದ ಅಂಗಳದಲ್ಲಿ ಸುರಕ್ಷಿತವಾಗಿಟ್ಟರೆ ಆಗದೇ ಎಂದು ಸದುದ್ದೇಶದಿಂದಲೇ ಕೇಳುವವರಿದ್ದಾರೆ. ಆಗದು. ಈ ಬಂಡೆಗಳು ದನಿ ಮಾಡುವುದು ಕಲ್ಲಿನ ಗುಣದಿಂದ ಮಾತ್ರವಲ್ಲ, ಅವು ಕೂತಿರುವ ರೀತಿಯಿಂದ. ಕೆಳಗಿನ ಗುಂಡುಗಳಿಗೆ ಒಂದೆರಡು ಕಡೆ ಮಾತ್ರ ತಾಗಿಕೊಂಡು ಉಳಿದ ಮೈ ಬಿಡುವಾಗಿರುವುದರಿಂದ. ನೇತುಹಾಕಿದ ಗಂಟೆಯನ್ನು ಕೆಳಗಿಳಿಸಿ ಮರಳಿನಲ್ಲಿ ಹೂತು ಬಾರಿಸಿದರೆ ಏನಾಗುತ್ತದೋ, ಬಂಡೆಯನ್ನು ಎತ್ತಿ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರಿಸಿದರೆ ಅದೇ ಆಗುತ್ತದೆ. ಸ್ಫೋಟದ ಅದುರಾಟದಲ್ಲೋ, ಬುಡದ ಮಣ್ಣು ತೆಗೆದಾಗಲೋ ಒಂದು ಗುಂಡು ಗೇಣು ಸರಿದರೂ ಸಾಕು, ಚಿತ್ರ ಹಾಗೇ ಉಳಿದು ನಾದ ಮಾತ್ರ ಹೋಗಿಬಿಡಬಹುದು. ಆ ನಷ್ಟ ಯಾವ ಫೋಟೊದಲ್ಲೂ ಕಾಣುವುದಿಲ್ಲ, ಯಾವ ಪಂಚನಾಮೆಯಲ್ಲೂ ದಾಖಲಾಗುವುದಿಲ್ಲ.

ಬೇರೆ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಇಲ್ಕ್ಲೀ ಎಂಬ ಪಟ್ಟಣದ ಮೇಲಿರುವ ಬಯಲುಗುಡ್ಡದಲ್ಲಿ, ಕುರುಚಲು ಗಿಡಗಳ ನಡುವೆ, ಬಟ್ಟಲುಗುಳಿ ಮತ್ತು ಅವುಗಳ ಸುತ್ತ ಬಳೆಯಂಥ ವೃತ್ತಗಳನ್ನು ಕುಟ್ಟಿದ ಪ್ರಾಗೈತಿಹಾಸಿಕ ಬಂಡೆಗಳು ನೂರಾರು ಇವೆ. 19ನೇ ಶತಮಾನದ ಕೊನೆಯಲ್ಲಿ ಮನೆಗಳನ್ನು ಕಟ್ಟುವ ಸಲುವಾಗಿ ಪನೋರಮಾ ಕಲ್ಲುಗಳೆಂಬ ಕೆಲವನ್ನು ಗುಡ್ಡದಂಚಿನಿಂದ ತಂದು ಊರೊಳಗೆ, ಚರ್ಚಿನ ಎದುರು, ಕಬ್ಬಿಣದ ಕಟಕಟೆಯೊಳಗೆ ಇರಿಸಿದರು. ಕಟಕಟೆ ಗಟ್ಟಿಯಾಗಿಯೇ ಇದೆ, ಗೆರೆಗಳು ಮಾತ್ರ ಮಾಸಿಹೋಗಿವೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಹೊರವಲಯದ ಕಾಕ್ನೋ ಕಲ್ಲಿನದು ಇನ್ನೂ ಕಠಿಣ ಪಾಠ. ಬಟ್ಟಲುಗುಳಿ, ವೃತ್ತಗಳಿಂದ ತುಂಬಿದ ಆ ಬೃಹತ್ ಬಂಡೆಗೆ 1937ರಲ್ಲಿ ಲುಡೋವಿಕ್ ಮ್ಯಾನ್ ಎಂಬ ಹವ್ಯಾಸಿ ಸಂಶೋಧಕರು ಗೆರೆಗಳು ಕಾಣಲೆಂದು ಬಣ್ಣವನ್ನೇ ಬಳಿದರು; ನೋಡಲು ಬಂದವರ ತುಳಿತ ಮತ್ತು ಗೀಚುಗಳು ಮಿತಿಮೀರಿದಾಗ 1965ರಲ್ಲಿ ಬಂಡೆಯನ್ನು ಮಣ್ಣಿನಲ್ಲಿ ಹೂಳಬೇಕಾಯಿತು. 2015–16ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಪುರಾತತ್ವಜ್ಞರು ಅದನ್ನು ತೆರೆದು, ಡಿಜಿಟಲ್ ದಾಖಲೆ ಮಾಡಿಕೊಂಡು, ಮತ್ತೆ ಹೂತರು. ನಮ್ಮ ಸೀಮೆಸುಣ್ಣದ ಫೋಟೊಗ್ರಾಫರುಗಳು ಈ ಕಥೆಯನ್ನು ಓದಬೇಕು. ನಾದ ಹೊಮ್ಮಿಸುವ ಬಂಡೆಯನ್ನು ಹೂತು ಉಳಿಸುವ ಮಾರ್ಗ ನಮಗಂತೂ ಇಲ್ಲ.

ಅದೇ ಇಲ್ಕ್ಲೀ ಸುತ್ತಿನಿಂದ ಕಲಿಯಬಹುದಾದ ಒಳ್ಳೆಯ ವಿಷಯವೂ ಒಂದಿದೆ. 2010ರ ದಶಕದ ಆರಂಭದಲ್ಲಿ ಅಲ್ಲಿನ ಸಾಮಾನ್ಯ ಜನರಿಗೆ ತರಬೇತಿ ನೀಡಿ, ಸ್ವಯಂಸೇವಕರಾಗಿ ಪ್ರತಿ ಬಂಡೆಯ ಸ್ಥಾನ, ಅಳತೆ, ಸ್ಥಿತಿಗತಿಯನ್ನು ಅವರ ಕೈಯಿಂದಲೇ ದಾಖಲಿಸಲಾಯಿತು. ದಾಖಲಿಸಿದವನಿಗೆ ಆ ಬಂಡೆಯ ಮೇಲೆ ಕಣ್ಣಿರುತ್ತದೆ. ಸಂಗನಕಲ್ಲು, ಕಪ್ಪಗಲ್ಲಿನ ಕಾಲೇಜು ಓದುವ ಮಕ್ಕಳು, ಕುರಿಗಾಹಿಗಳು, ಪಂಚಾಯಿತಿ ಸದಸ್ಯರು ಈ ಕೆಲಸಕ್ಕೆ ಯಾರಿಗೂ ಕಡಿಮೆಯಿಲ್ಲ.

ಕಲ್ಲಿನ ಕೆಲಸ ನಂಬಿದ ಕುಟುಂಬಗಳ ಮಾತು ಬಾರದೆ ಈ ವಿಷಯ ಪೂರ್ತಿಯಾಗದು. ದಿನಗೂಲಿಗೆ ಸುತ್ತಿಗೆ ಹಿಡಿಯುವವರನ್ನು ಪರಂಪರೆಯ ಶತ್ರುಗಳೆಂದು ಚಿತ್ರಿಸುವುದನ್ನು ನಾನು ಒಪ್ಪುವುದಿಲ್ಲ. ಎಲ್ಲಿ ಒಡೆಯಬೇಕೆಂದು ಅವರು ತೀರ್ಮಾನಿಸುವುದಿಲ್ಲ. ತೀರ್ಮಾನವಾಗುವುದು ಗುತ್ತಿಗೆಯ ನಕ್ಷೆಯಲ್ಲಿ. ಬಳ್ಳಾರಿ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ, ಜಲ್ಲಿಗೆ ಬೇಕಾದ ಗ್ರಾನೈಟ್ ಬೇರೆ ಗುಡ್ಡಗಳಲ್ಲೂ ದೊರೆಯುತ್ತದೆ. ಕುಟ್ಟುಚಿತ್ರಗಳೂ, ಬಾರಿಸುವ ಬಂಡೆಗಳೂ, ಕೊಡಲಿ ಕಾರ್ಯಾಗಾರವೂ ಒಟ್ಟಿಗಿರುವ ಹಿರೇಗುಡ್ಡದಂಥದು ಮಾತ್ರ ಬೇರೆ ದೊರೆಯುವುದಿಲ್ಲ. ಗುಡ್ಡವನ್ನು ಕಾಯುವ ಕೆಲಸಕ್ಕೆ ಜನ ಬೇಕಾದಾಗ ಮೊದಲು ಕರೆಯಬೇಕಾದದ್ದು ಈ ಕುಟುಂಬಗಳನ್ನೇ. ಕಲ್ಲಿನ ಎಳೆ, ಬಿರುಕು, ಪೆಟ್ಟು ಹೊಸದೋ ಹಳೆಯದೋ ಎಂಬುದನ್ನು ಅವರಷ್ಟು ಬೇಗ ಗುರುತಿಸುವವರು ನಮ್ಮಲ್ಲಿ ಬೇರೆ ಯಾರಿದ್ದಾರೆ?

ಆದ್ದರಿಂದ ತಮ್ಮಲ್ಲಿ ನಮ್ಮ ಬಿನ್ನಹ ಹೀಗಿದೆ. ಕಂದಾಯ, ಗಣಿ ಮತ್ತು ಭೂವಿಜ್ಞಾನ, ಅರಣ್ಯ, ಪುರಾತತ್ವ ಇಲಾಖೆಗಳ ಅಧಿಕಾರಿಗಳು ಒಂದೇ ದಿನ, ಒಂದೇ ನಕ್ಷೆ ಹಿಡಿದು ಹಿರೇಗುಡ್ಡದ ಜಂಟಿ ಸರ್ವೆ ನಡೆಸಬೇಕು. ಗುಡ್ಡಕ್ಕೆ ಸೇರಿದ ಸರ್ವೆ ನಂಬರುಗಳು ಯಾವುವು, ಅವುಗಳ ಪೈಕಿ ಯಾವುದರ ಮೇಲೆ ಯಾವ ಕಾಲದಲ್ಲಿ ಗಣಿ ಗುತ್ತಿಗೆ ನೀಡಲಾಗಿದೆ ಎಂಬುದನ್ನು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಪ್ರಕಟಿಸಬೇಕು. ಆ ಸರ್ವೆ ಮುಗಿಯುವವರೆಗೆ ಗುಡ್ಡದ ಬುಡದಿಂದ ಸಾಕಷ್ಟು ದೂರದವರೆಗೆ ಹೊಸ ಗುತ್ತಿಗೆ, ನವೀಕರಣ, ಸ್ಫೋಟ ಯಾವುದಕ್ಕೂ ಅನುಮತಿ ಕೊಡಬಾರದು. ಸರ್ವೆಯ ಆಧಾರದ ಮೇಲೆ ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡ, ಚೌಡಮ್ಮ ಗುಡ್ಡ ಮತ್ತು ಬೂದಿದಿಬ್ಬದ ನೆಲ ಒಂದೇ ಗಡಿಯೊಳಗೆ ಬರುವಂತೆ ಸಂರಕ್ಷಣಾ ಅಧಿಸೂಚನೆಯನ್ನು ಹೊರಡಿಸಬೇಕು ಅಥವಾ ಈಗಿರುವ ಸಂರಕ್ಷಣೆಯನ್ನು ಅಷ್ಟರ ಮಟ್ಟಿಗೆ ವಿಸ್ತರಿಸಬೇಕು. ಗಡಿಯ ಉದ್ದಕ್ಕೂ ಕಣ್ಣಿಗೆ ಕಾಣುವಂತೆ ಗಡಿಕಲ್ಲು ನೆಡಬೇಕು.

ದಾಖಲೀಕರಣದ ಬಗ್ಗೆ ಒಂದು ವಿಶೇಷ ಕೋರಿಕೆ. ಸಾಮಾನ್ಯವಾಗಿ ಬಂಡೆಚಿತ್ರಗಳ ದಾಖಲೆ ಎಂದರೆ ಫೋಟೊ ಮತ್ತು ರೇಖಾಚಿತ್ರ. ಇತ್ತೀಚೆಗೆ ಲೇಸರ್ ಸ್ಕ್ಯಾನಿಂಗ್ ಕೂಡ ಸೇರಿದೆ. ಇಲ್ಲಿ ಅಷ್ಟು ಸಾಲದು. ಬಲ್ಲವರ ಕೈಯಿಂದ ಒಮ್ಮೆ, ಮೆದುವಾದ ಸಾಧನದಿಂದ, ಪ್ರತಿ ಬಂಡೆಯ ನಾದವನ್ನು ಧ್ವನಿಮುದ್ರಿಸಿ, ಅದು ಯಾವ ಗುಂಡಿನ ಯಾವ ಗುಳಿಯದು ಎಂಬ ವಿವರದೊಂದಿಗೆ ಜೋಪಾನ ಮಾಡಬೇಕು. ಆ ಧ್ವನಿಮುದ್ರಣ ಬಳ್ಳಾರಿಯ ವಸ್ತುಸಂಗ್ರಹಾಲಯದಲ್ಲಿ ಕೇಳಲು ದೊರೆಯುವಂತಾದರೆ, ಬಂಡೆಗೆ ಬಡಿಯುವವರ ಆಸೆ ಅರ್ಧದಷ್ಟಾದರೂ ಅಲ್ಲಿಯೇ ತೀರುತ್ತದೆ. ಇನ್ನೊಂದು ಲಾಭವೂ ಇದೆ: ಮುಂದೊಂದು ದಿನ ಬಂಡೆಯೇನಾದರೂ ಸರಿದರೆ, ಹಳೆಯ ದನಿಗೆ ಹೋಲಿಸಿ ನೋಡಲು ನಮ್ಮ ಕೈಯಲ್ಲೊಂದು ಪುರಾವೆ ಇರುತ್ತದೆ.

ಗುಡ್ಡ ಹತ್ತುವ ದಾರಿಗಳ ಬಾಯಲ್ಲಿ, ಚಿತ್ರಗಳಿಂದ ದೂರದಲ್ಲಿ, ಸರಳ ಕನ್ನಡದ ಫಲಕಗಳನ್ನು ನಿಲ್ಲಿಸಬೇಕು. ಬಡಿಯಬೇಡಿ, ಸುಣ್ಣ ಹಚ್ಚಬೇಡಿ, ಹೆಸರು ಗೀಚಬೇಡಿ ಎಂಬ ಮೂರು ಮಾತು ಮತ್ತು ಅದಕ್ಕಿರುವ ಶಿಕ್ಷೆಯ ವಿವರ ಸಾಕು. ಹತ್ತಿರದ ಊರುಗಳಿಂದ ಇಬ್ಬರು ಮೂವರನ್ನು ಕಾವಲಿಗೂ ಮಾರ್ಗದರ್ಶನಕ್ಕೂ ನೇಮಿಸಿ, ಅವರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ ತಲುಪುವಂತೆ ಮಾಡಬೇಕು. ಎಣ್ಣೆಬಣ್ಣದ ಬರಹಗಳನ್ನು ಅಳಿಸುವ ಕೆಲಸವನ್ನು ಯಾವುದೋ ಶ್ರಮದಾನದ ಕಾರ್ಯಕ್ರಮಕ್ಕೆ ಒಪ್ಪಿಸದೆ, ಕಲ್ಲಿನ ಸಂರಕ್ಷಣೆ ಬಲ್ಲ ರಸಾಯನಶಾಸ್ತ್ರಜ್ಞರಿಂದಲೇ ಮಾಡಿಸಬೇಕು. ತಂತಿ ಬ್ರಷ್ ಹಿಡಿದು ಉಜ್ಜಿದರೆ ಹೆಸರಿನ ಜೊತೆಗೆ ಎತ್ತೂ ಹೋಗುತ್ತದೆ. ಬೇಡವಾದದ್ದನ್ನೂ ಹೇಳಿಬಿಡುತ್ತೇನೆ. ಸಿಮೆಂಟಿನ ಮೆಟ್ಟಿಲು, ಉಕ್ಕಿನ ಕಮಾನು, ಬಣ್ಣದ ದೀಪ, ಸೆಲ್ಫಿ ಕಟ್ಟೆ, ವರ್ಷಕ್ಕೊಂದು ಉತ್ಸವ ಇವು ಯಾವುವೂ ಈ ಗುಡ್ಡಕ್ಕೆ ಬೇಡ. ಸಂರಕ್ಷಣೆಯ ಹೆಸರಿನಲ್ಲಿ ಕುರಿಗಾಹಿಗಳ ದಾರಿಯನ್ನೂ, ಊರಿನವರು ಪೂಜೆಗೆ ಹೋಗುವ ಜಾಗಗಳನ್ನೂ ಮುಚ್ಚಬಾರದು. ಸಾವಿರಾರು ವರ್ಷ ದನ-ಕುರಿ ಓಡಾಡಿದ ಗುಡ್ಡ ಅದು. ಕುರಿಯಿಂದ ಅದಕ್ಕೆ ಅಪಾಯ ಬಂದಿಲ್ಲ.

ಇದಕ್ಕೆ ಬಹಳ ಹಣ ಬೇಕಾಗುವುದಿಲ್ಲ ಎಂಬುದು ತಮಗೂ ತಿಳಿದಿದೆ. ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಕೂಡಿರುವ ನಿಧಿಯ ಒಂದು ಸಣ್ಣ ಪಾಲು, ನಿಯಮಗಳು ಅವಕಾಶ ಕೊಡುವಷ್ಟರ ಮಟ್ಟಿಗೆ, ಇಲ್ಲಿಗೆ ಬಂದರೆ ಅದು ನ್ಯಾಯವೂ ಹೌದು: ಗಣಿಯಿಂದ ನಷ್ಟಪಟ್ಟ ಜಿಲ್ಲೆಗೆ ಎಂದು ಬಂದ ಹಣವದು, ಈ ಗುಡ್ಡವೂ ಅದೇ ಜಿಲ್ಲೆಯದು.

ಜಂಟಿ ಸರ್ವೆಯ ದಿನಾಂಕವನ್ನು ನಿಗದಿಪಡಿಸಿ ಎರಡೂ ಗ್ರಾಮ ಪಂಚಾಯಿತಿಗಳಿಗೆ ಮುಂಚಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಬೇಸಿಗೆಯ ಬಿಸಿಲಿಗೆ ಕರಿಕಲ್ಲಿನ ಮೇಲೆ ಕಾಲಿಡುವುದು ಕಷ್ಟ, ಆದ್ದರಿಂದ ಚಳಿಗಾಲ ಮುಗಿಯುವುದರೊಳಗೆ ಆದರೆ ಒಳ್ಳೆಯದು. ಬೆಳಗ್ಗೆ ಏಳರ ಹೊತ್ತಿಗೆ ಬಂದರೆ ಓರೆ ಬಿಸಿಲಿನಲ್ಲಿ ಚಿತ್ರಗಳು ಸ್ಪಷ್ಟವಾಗಿ ಕಾಣುತ್ತವೆ. ದಾರಿ ತೋರಿಸಲು, ಹಾನಿಯಾದ ಬಂಡೆಗಳನ್ನು ಒಂದೊಂದಾಗಿ ಗುರುತಿಸಿ ಬರೆಸಲು, ಊರಿನ ಹಿರಿಯರ ಜೊತೆ ನಾನೂ ಅಂದು ಗುಡ್ಡದ ಬುಡದಲ್ಲಿ ಹಾಜರಿರುತ್ತೇನೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
ಬಳ್ಳಾರಿ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕ